ಹತ್ತಿಯ ದಾರ

ತೆಯೊಟೀಮ್ ಸುರೆತ್ ಬಂದದ್ದು ಮಾರ್ಚಿನಲ್ಲಿ,
ಹ್ಯಾಲಿಫ್ಯಾಕ್ಸಿನ ಬೀದಿಗಳಲ್ಲಿ ಹಿಮ ಕೊಳೆಯಾಗಿ ಬಿದ್ದಿದ್ದಾಗ.
ಕೈಯಲ್ಲೊಂದು ಬೋನಿನ ಬಾಗಿಲು, ಅಂಗೈಯಗಲ,
ಬೂಟಿನಲ್ಲಿ ಪಬ್ನಿಕೋದ ಉಪ್ಪು.
ಕೂರಿ ಅಂದರೂ ಕೂರದೆ ಹೇಳಿದ:
ಹಗ್ಗ ಹರಿದು ತಳ ಸೇರಿದ ಬೋನು
ಹಿಡಿಯುವುದನ್ನು ನಿಲ್ಲಿಸುವುದಿಲ್ಲ, ಮೇಡಂ.
ಒಂದು ಲಾಬ್‌ಸ್ಟರ್ ಹೊಕ್ಕು ಸಾಯುತ್ತದೆ,
ಅದರ ವಾಸನೆಗೆ ಇನ್ನೊಂದು,
ಅದರ ವಾಸನೆಗೆ ಮತ್ತೊಂದು.
ಹೋದ ವರ್ಷ ನನ್ನವು ಮೂವತ್ತೊಂದು ಕಳೆದವು.
ರಾತ್ರಿ ಅವು ಕೆಲಸ ಮಾಡುತ್ತಿರುವುದು ಕೇಳಿಸುತ್ತದೆ.

ಬಾಗಿಲನ್ನು ಅವನು ಕಟ್ಟಿದ್ದು
ಹೆಂಡತಿ ಸಾಸೇಜಿಗೆ ಸುತ್ತುವ ಹತ್ತಿಯ ದಾರದಿಂದ.
ನೀರಿನಲ್ಲಿ ದಾರ ಕೊಳೆಯುತ್ತದೆ,
ಬಾಗಿಲು ಬೀಳುತ್ತದೆ,
ಒಳಗಿದ್ದದ್ದು ಹೊರಗೆ ನಡೆಯುತ್ತದೆ.
ಅಷ್ಟೇ.
ಇಷ್ಟು ಸರಳವಾದದ್ದನ್ನು ಯಾರೂ ಕದಿಯದಂತೆ ಬರೆಯಬೇಕಿತ್ತು ನಾನು,
ರೋಡಾ ಝ್ವಿಕರ್, ಪೇಟೆಂಟ್ ಏಜೆಂಟ್, ಎರಡನೇ ಮಹಡಿ.

ಮೊದಲ ಕರಡಿನಲ್ಲಿ ಬರೆದೆ: ‘ನೀರಿನಲ್ಲಿ ಸವೆಯುವ ಯಾವುದೇ ಬಂಧ’.
‘ಯಾವುದೇ’ ನನಗೆ ಪ್ರಿಯವಾದ ಪದ,
ಕೈ ಚಾಚಿದರೆ ದಿಗಂತಕ್ಕೆ ತಾಗುತ್ತದೆ.
‘ಒಳಗೊಂಡ’ ಎಂದು ಬರೆದೆ, ‘ಮಾತ್ರ’ ಎನ್ನಲಿಲ್ಲ;
‘ಒಳಗೊಂಡ’ ಬಂದವರಿಗೆಲ್ಲ ಮಣೆ ಹಾಕುತ್ತದೆ,
‘ಮಾತ್ರ’ ಒಳಗಿನಿಂದ ಅಗುಳಿ ಹಾಕಿ ಕೂರುತ್ತದೆ.
ಈ ಕಸುಬಿನ ಲೆಕ್ಕ ಅಂಗಡಿಯ ಲೆಕ್ಕವಲ್ಲ:
ಇಲ್ಲಿ ಪದ ಕೂಡಿಸಿದಷ್ಟೂ ನೆಲ ಕಳೆಯುತ್ತದೆ.
‘ಬಾಗಿಲು’ ಅಂದರೆ ಎಲ್ಲ ಬಾಗಿಲೂ ನಿನ್ನವು;
‘ಕೆಂಪು ಬಾಗಿಲು’ ಅಂದೆಯೋ, ನೀಲಿಯದು ನೆರೆಯವನದು.

ಗ್ಯಾಟಿನೋದಿಂದ ಪತ್ರ ಬಂತು. ಪರೀಕ್ಷಕ ಸಭ್ಯ.
ಯಾರೋ ನಾರ್ವೆಯವನು ಬಹಳ ಹಿಂದೆ
ಕರಗುವ ಗುಳಿಗೆಯಿಟ್ಟ ಏಡಿಬುಟ್ಟಿ ಮಾಡಿದ್ದನಂತೆ;
ನನ್ನ ‘ಯಾವುದೇ’ಯ ಬಲೆಯಲ್ಲಿ ಆ ಮುದುಕನೂ ಸಿಕ್ಕಿಬಿದ್ದಿದ್ದ.
ಕಣ್ಣು ಕಿರಿದಾದ ಬಲೆ ಹಾಗೆಯೇ,
ಎಂದೋ ಸತ್ತದ್ದನ್ನೂ ಎತ್ತಿ ತರುತ್ತದೆ,
ಆ ಭಾರಕ್ಕೆ ತಾನೇ ಹರಿಯುತ್ತದೆ.

ಕಿರಿದುಗೊಳಿಸಬೇಕಿತ್ತು. ಗಡುವಿನ ದಿನ, ಐದಕ್ಕೆ ಕಾಲು ಗಂಟೆ ಬಾಕಿ.
‘ಸಸ್ಯದ ನಾರಿನ ದಾರ’ ಎಂದು ಬರೆಯಬಹುದಿತ್ತು.
ಮೇಜಿನ ಮೇಲೆ ಅವನ ಬಾಗಿಲಿತ್ತು,
ಕಣ್ಣಿಗೆ ಬಿದ್ದದ್ದನ್ನು ಬರೆದೆ:
‘ಹತ್ತಿಯ ದಾರ’.
ಪೇಟೆಂಟು ಸಿಕ್ಕಿತು. ಅವನು
ಪತ್ರಿಕೆಯಲ್ಲಿ ಸುತ್ತಿದ ಹ್ಯಾಡಕ್ ಮೀನನ್ನೂ
ಒಂದು ದಾರದುಂಡೆಯನ್ನೂ ತಂದುಕೊಟ್ಟ.

ಚಾಪೆಯ ಕೆಳಗೆ ತೂರುವವರನ್ನು ಹಿಡಿಯಬಹುದು;
ಯಾರ್ಮತ್ತಿನ ಕಂಪನಿ ರಂಗೋಲಿಯ ಕೆಳಗೆ ತೂರಿತು.
ಅದೇ ಬಾಗಿಲು, ಅದೇ ಅಳತೆ, ಅದೇ ಗಂಟು,
ಸೆಣಬಿನ ದಾರ.

ನ್ಯಾಯಾಧೀಶೆ ಕನ್ನಡಕ ತೆಗೆದು ನಮ್ಮ ವಕೀಲರನ್ನು ಕೇಳಿದರು:
ಬರೀ ‘ದಾರ’ ಎಂದು ಬರೆಯಲು ಇವರಿಗೆ ಬರುತ್ತಿರಲಿಲ್ಲವೇ?
ಬರುತ್ತಿತ್ತು, ಹಿಂದಿನ ಕುರ್ಚಿಯಲ್ಲಿ ನಾನು, ಬಾಯಿ ಬಿಡದೆ.
ಹಾಗಾದರೆ ಹತ್ತಿ ಎಂದದ್ದು ಹತ್ತಿಯೆಂದೇ.
ಬೇಲಿ ನೆಟ್ಟವರು ನೀವು; ಆಚೆಗಿನದು ಊರಿನದು.
ಸುರೆತ್ ಕೊನೆಯ ಬೆಂಚಿನಲ್ಲಿ ಟೋಪಿ ಮಡಿಸುತ್ತಿದ್ದ.
ಫ್ರೆಂಚಿನಲ್ಲಿ ಏನೋ ಅಂದ, ನನಗಲ್ಲ.

ಮೆಟ್ಟಿಲ ಮೇಲೆ ಕ್ಷಮೆ ಕೇಳಲು ಬಾಯಿ ತೆರೆದೆ.
ಅವನೇ ಮೊದಲು ಕೇಳಿದ:
ಸೆಣಬು ಎಷ್ಟು ದಿನಕ್ಕೆ ಕೊಳೆಯುತ್ತದೆ, ಗೊತ್ತೇ?
ಗೊತ್ತಿರಲಿಲ್ಲ. ಆ ಮೊಕದ್ದಮೆಯ ಒಂಬೈನೂರು ಪುಟಗಳಲ್ಲಿ
ಒಬ್ಬರೂ ಅದನ್ನು ಕೇಳಿರಲಿಲ್ಲ.

ಬೇಸಿಗೆಗೆ ಒಂದು ಕಾರ್ಡು ಬಂತು. ಬೈಗುಳವಿಲ್ಲ, ನಮಸ್ಕಾರವಿಲ್ಲ.
ಹತ್ತಿ: ೪೪ ದಿನ.
ಸೆಣಬು: ೬೧.
ಕೆಳಗೆ ಪೆನ್ಸಿಲಿನಲ್ಲಿ: ಹದಿನೇಳು ದಿನ ಹೆಚ್ಚು ಸಾಯುತ್ತವೆ.

ಈಗಲೂ ಹೊಸ ಹುಡುಗರು ಕರಡು ತಂದರೆ
ವಿಶೇಷಣಗಳ ಕೆಳಗೆ ಗೆರೆ ಎಳೆಯುತ್ತೇನೆ:
ಇದು ಬೇಕೆ? ಮತ್ತೆ ಇದು?
ಅವರು ನಗುತ್ತಾರೆ, ಅಳಿಸುತ್ತಾರೆ, ಊಟಕ್ಕೆ ಹೋಗುತ್ತಾರೆ.
ಅವನ ದಾರದುಂಡೆ ನನ್ನ ಮೇಜಿನ ಡ್ರಾಯರಿನಲ್ಲಿದೆ.
ಒಣ ಜಾಗದಲ್ಲಿ ಹತ್ತಿ ಕೊಳೆಯುವುದೇ ಇಲ್ಲ.